ಎಂಟು ದಿನ ಹೂಡಿ ನೋಡಿದ ಗಾಡಿ

ತರ್ಕಶಾಸ್ತ್ರದಲ್ಲಿ ಎಂ.ಎ. ಮಾಡಿದ ಮನುಷ್ಯ ಲಕ್ಷ್ಮೇಶ್ವರದಲ್ಲಿ ಗೂಡ್ಸ್ ಟೆಂಪೊ ಗಾಡಿ ಓಡಿಸುತ್ತಿದ್ದರೆ ಜನ ಅಯ್ಯೋ ಪಾಪ ಅನ್ನುತ್ತಾರೆ. ಅನ್ನಬಾರದು. ಅಂಥವನು ಯಾವ ನಿರ್ಧಾರವನ್ನೂ ದುಡುಕಿ ತೆಗೆದುಕೊಳ್ಳುವುದಿಲ್ಲ. ಎರಡೂ ಕಡೆ ತೂಗಿ, ಸಾಕ್ಷಿ ಕೇಳಿ, ಸಾಕಷ್ಟು ಸಂಶಯಪಟ್ಟು, ಆಮೇಲೆ ಹೆಜ್ಜೆ ಇಡುತ್ತಾನೆ. ಕಳೆದ ಮಾಗಿಯವರೆಗೆ ನಾನು ನನ್ನ ಬಗ್ಗೆ ಹೀಗೇ ತಿಳಿದುಕೊಂಡಿದ್ದೆ.

ಆಗ ನಮ್ಮ ಗಾಡಿಗೆ ಏಳು ತಿಂಗಳು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಹರಿದಿರಲಿಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಗದಗ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಬರುವಾಗ ಬೆಟಗೇರಿ ನೇಕಾರರ ಸೀರೆ ಗಂಟು ಸಿಕ್ಕರೆ ತರುತ್ತಿದ್ದೆ. ಆದರೆ ಗಾಡಿಯ ಮುಖ್ಯ ಕೆಲಸ ಬೇರೆಯೇ ಇತ್ತು. ನನ್ನ ಹೆಂಡತಿ ನೀಲವ್ವ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನು ಕೂಡಿಸಿಕೊಂಡು ಖಡಕ್ ರೊಟ್ಟಿ ಬಡಿಯುತ್ತಾಳೆ. ವಾರಕ್ಕೆರಡು ಸಲ ಶಿರಹಟ್ಟಿ ಹಾದು ಮುಂಡರಗಿಗೆ ಆ ರೊಟ್ಟಿ ಮುಟ್ಟಿಸುವುದು ನನ್ನ ಪಾಲಿನ ಕೆಲಸ. ಖಡಕ್ ರೊಟ್ಟಿ ತಿಂಗಳಿಟ್ಟರೂ ಕೆಡುವುದಿಲ್ಲ. ಮುರಿದರೆ ಮಾತ್ರ ಯಾರೂ ಕೊಳ್ಳುವುದಿಲ್ಲ. ಬೀಗರ ತಾಟಿಗೆ ಮುರಿದ ರೊಟ್ಟಿ ಹಾಕಿದರೆ ಆ ಮಾತು ಮೂರು ತಲೆಮಾರು ಉಳಿಯುತ್ತದೆ.

ಎಲ್ಲ ಸರಿಯಾಗಿಯೇ ಇತ್ತು. ಆದರೆ ಒಂದು ದಿನ ನನ್ನ ಸೀಟಿನ ಕೆಳಗಿನಿಂದ ಟಕ್ ಟಕ್ ಎಂದು ಶಬ್ದ ಕೇಳಿಸಿತು. ಗಾಡಿ ನಲವತ್ತರ ವೇಗ ಮುಟ್ಟಿದರೆ ಬರುತ್ತದೆ, ನಿಲ್ಲಿಸಿದರೆ ಹೋಗುತ್ತದೆ. ಎರಡು ಗ್ಯಾರೇಜಿನವರು ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲದ್ದು ಶಬ್ದ ಮಾಡುವುದು ತರ್ಕಕ್ಕೆ ವಿರುದ್ಧ ಎಂದು ಇಬ್ಬರಿಗೂ ವಿವರಿಸಿದೆ. ಇಬ್ಬರೂ ಚಹಾ ಕುಡಿಯಲು ಹೋದರು.

ನೀಲವ್ವನಿಗೆ ಹೇಳಿದೆ. ಅವಳು ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

"ಅದು ಮೊದಲಿಂದಾನೂ ಐತ್ರಿ."

"ಮೊದಲನೇ ದಿನ ಇರಲಿಲ್ಲ. ನನಗ ಚಂದಾಗಿ ನೆನಪೈತಿ."

"ನಿಮಗ ನೆನಪೈತೇನು?" ಎಂದು ಕೇಳಿದಳು. ಅಷ್ಟೇ ಸಾಕಾಯಿತು. ನನಗೆ ನಿಜವಾಗಿಯೂ ನೆನಪಿತ್ತೋ, ಅಥವಾ ವಾದ ಗೆಲ್ಲಲು ಆ ನೆನಪನ್ನು ಆಗ ತಾನೇ ಹುಟ್ಟಿಸಿಕೊಂಡೆನೋ? ನನ್ನ ನೆನಪಿನ ಮೇಲೆ ನನಗೆ ಮೊದಲಿನಿಂದಲೂ ಭರವಸೆ ಕಡಿಮೆ. ಅದಕ್ಕೆಂದೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತೆರೆದು ನೋಡಿದೆ. ಮೊದಲ ದಿನದ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು: "ಗಾಡಿ ಬಹಳ ಚೆನ್ನಾಗಿದೆ. ಯಾವ ಶಬ್ದವೂ ಇಲ್ಲ. ಬುತ್ತಿ ಮನೆಯಲ್ಲೇ ಮರೆತೆ, ಹಸಿವು." ಮೂರನೆಯ ವಾಕ್ಯ ಅಪ್ರಸ್ತುತ ಎಂದು ಬಿಟ್ಟೆ. ಮೊದಲೆರಡನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಸಾಕ್ಷಿ ಸಿಕ್ಕಿತ್ತು! ಗಾಡಿ ಕೆಟ್ಟಿದೆ, ಬದಲಾಯಿಸಬೇಕು.

ನಮ್ಮ ಊರಲ್ಲಿ ಗಾಡಿ ಬದಲಾಯಿಸುವವರು ಈರಪ್ಪ ಕಾಕಾನ ಹತ್ತಿರ ಹೋಗುತ್ತಾರೆ. ಕಾಕಾ ನಲವತ್ತು ವರ್ಷ ಎತ್ತಿನ ದಲಾಲಿ ಮಾಡಿದವರು. ಎತ್ತು ಕಡಿಮೆಯಾದ ಮೇಲೆ ಗಾಡಿಗೆ ಬಂದರು, ಆದರೆ ಪದ್ಧತಿ ಬಿಡಲಿಲ್ಲ. ನನ್ನ ಗಾಡಿಯ ಪಕ್ಕೆಗೆ ಎರಡೇಟು ಚಪ್ಪರಿಸಿದರು. ಬಾನೆಟ್ ಎತ್ತಿಸಿ, ಹಲ್ಲು ಎಣಿಸುವವರಂತೆ ಒಳಗೆ ಇಣುಕಿದರು. ಟೈರಿನ ಹತ್ತಿರ ಕೂತು ಗೊರಸು ನೋಡಿದಂತೆ ನೋಡಿದರು.

"ಹುರುಪಿನ ವಯಸ್ಸಿನ್ಯಾಗ ಐತಿ. ಯಾಕ ಕೊಡ್ತಿ ತಮ್ಮಾ?"

ಒಳಗೆ ಏನೋ ಬಡಿಯುತ್ತದೆ ಎಂದೆ.

"ಜೀವ ಇದ್ದದ್ದು ಬಡೀತೈತಿ. ಬಡೀದಿದ್ರ ಹೆದರಬೇಕು," ಎಂದರು ಕಾಕಾ. ಆದರೂ ನಾಲ್ಕೇ ದಿನದಲ್ಲಿ ಒಂದು ಜೋಡಿ ಹುಡುಕಿದರು. ಹಮ್ಮಿಗಿಯ ಫಕೀರಪ್ಪನ ಹತ್ತಿರ ನನ್ನದಕ್ಕಿಂತ ದೊಡ್ಡ ಗಾಡಿ ಇತ್ತು, ಅದೂ ಹೊಸದೇ. ಅವನ ಓಣಿ ಇಕ್ಕಟ್ಟು, ಗಾಡಿ ತಿರುಗುವುದಿಲ್ಲ, ದಿನಾ ಹೊಳೆದಂಡೆಯಿಂದ ಮನೆತನಕ ರಿವರ್ಸ್ ಗೇರಿನಲ್ಲಿ ಹಿಂದೆ ಹಿಂದೆ ಬರಬೇಕು. ಅವನಿಗೆ ಸಣ್ಣದು ಬೇಕು, ನನಗೆ ದೊಡ್ಡದು ಒಗ್ಗುತ್ತದೆ. ಎದುರುಬದುರು ಬದಲಿ. ಆದರೆ ಕಾಕಾ ಒಂದು ನಿಯಮ ಹೇಳಿದರು: ಹೂಡಿ ನೋಡದೆ ಎತ್ತು ಕೊಳ್ಳಬಾರದು, ಗಾಡಿಯೂ ಹಾಗೇ. ಅವನದು ನೀನು ಹೂಡು, ನಿನ್ನದು ಅವನು ಹೂಡಲಿ. ಕೂಡಿ ಬಂದರೆ ಬದಲಿ, ಇಲ್ಲದಿದ್ದರೆ ಅವರವರ ಗಾಡಿ ಅವರಿಗೆ.

ಎಷ್ಟು ದಿನ ಹೂಡಬೇಕು ಎಂಬುದನ್ನು ಚಹಾದ ಅಂಗಡಿಯ ಮುಂದೆ ಟವೆಲಿನ ಕೆಳಗೆ ಗೊತ್ತುಮಾಡಿದರು. ಎತ್ತಿನ ಸಂತೆಯಲ್ಲಿ ದರ ಗೊತ್ತುಮಾಡುವ ಪದ್ಧತಿ ಇದು. ಕೈ ಟವೆಲಿನೊಳಗೆ, ಮಾತು ಬೆರಳಿನಲ್ಲಿ, ಹೊರಗೆ ಎಲ್ಲರ ಮುಖ ಗೋಡೆಯಂತೆ. ನನ್ನ ಮನಸ್ಸಿನಲ್ಲಿ ಎರಡು ದಿನ ಇತ್ತು. ಅಷ್ಟರಲ್ಲಿ ನನಗೆ ಅಂಗೈ ತುರಿಸಿತು. ಟವೆಲಿನೊಳಗೇ ಬೆರಳಾಡಿಸಿ ತುರಿಸಿಕೊಂಡೆ.

"ಆತು, ಎಂಟು ದಿನ," ಎಂದು ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಎಂಟು ದಿನ ಎಂದು ಕೇಳಿದ ನೀಲವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿನ ಮೇಲೆ ಹಾಕದೆ ನಿಂತಳು. ಆ ಎಂಟು ದಿನದೊಳಗೇ ಅವಳಿಗೆ ಒಂದು ಮದುವೆಮನೆಯ ಆರ್ಡರ್ ಇತ್ತು. ಮುಂಡರಗಿಯ ವ್ಯಾಪಾರಿ ಮನೆತನ, ಸಾವಿರ ರೊಟ್ಟಿ. ಅವು ಸರಿಯಾಗಿ ಮುಟ್ಟಿದರೆ ಆ ಅಡುಗೆಯವರ ಕೈಯಲ್ಲಿರುವ ಇಡೀ ಹಂಗಾಮಿನ ಮದುವೆಗಳು ಇವಳಿಗೆ. ಮುಟ್ಟದಿದ್ದರೆ ಐದು ಹೆಣ್ಣುಮಕ್ಕಳು ಮತ್ತೆ ಬಿಡಿ ರೊಟ್ಟಿ ಮಾರುತ್ತ ಕೂಡಬೇಕು. ಆ ಒಂದು ದಿನದ ಮಟ್ಟಿಗೆ ನಮ್ಮ ಗಾಡಿ ತರಿಸಿರಿ ಎಂದಳು. ಪರೀಕ್ಷೆಯ ನಡುವೆ ಹೀಗೆ ಕೈಹಾಕಿದರೆ ಫಲಿತಾಂಶ ಕೆಡುತ್ತದೆ ಎಂದೆ. ಅವಳು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು. ಸ್ವಲ್ಪ ಜೋರಾಗಿಯೇ.

ದೊಡ್ಡ ಗಾಡಿ ಹತ್ತಿದ ಮೊದಲ ದಿನ ನನಗೆ ಶಿರಹಟ್ಟಿಯವರೆಗೆ ರಾಜಕಳೆ. ಆ ಊರು ದಾಟಿ ಮೊದಲ ಸಲ ನಲವತ್ತು ಮುಟ್ಟಿಸಿದೆ. ಟಕ್ ಟಕ್.

ಗಾಡಿ ನಿಲ್ಲಿಸಿದೆ. ಅದೇ ಶಬ್ದ, ಅದೇ ಲಯ! ಎರಡು ಬೇರೆ ಬೇರೆ ಗಾಡಿಗಳಿಗೆ ಒಂದೇ ರೋಗ ಬರಲು ಸಾಧ್ಯವೇ? ಸೀಟಿನ ಕೆಳಗೆ ಕೈಹಾಕಿದೆ. ನನ್ನ ಬುತ್ತಿಯ ಸ್ಟೀಲ್ ಡಬ್ಬಿ ಸಿಕ್ಕಿತು. ಅದರ ಒಳಗೆ ಚಮಚ. ಅಲ್ಲಾಡಿಸಿ ನೋಡಿದೆ. ಟಕ್ ಟಕ್.

ಏಳು ತಿಂಗಳಲ್ಲಿ ಒಂದೇ ಒಂದು ದಿನ ನಾನು ಬುತ್ತಿ ಮರೆತಿದ್ದೆ. ಅಂದು ಮಾತ್ರ ಗಾಡಿ ಗುಣವಾಗಿತ್ತು.

ಇಲ್ಲಿಗೆ ಸತ್ಯ ಒಪ್ಪಿ ಮನೆಗೆ ತಿರುಗಿದ್ದರೆ ಈ ಬರಹ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಊರಿಗೆಲ್ಲ ಸುದ್ದಿಯಾಗಿತ್ತು, ಕಾಕಾ ಟವೆಲ್ ಕೊಡವಿದ್ದರು. ಹೆಂಡತಿಗೆ ಚಮಚದ ವಿಷಯ ಹೇಳುವುದಂತೂ ಸಾಧ್ಯವೇ ಇರಲಿಲ್ಲ. ಚಮಚಕ್ಕೆ ಬಟ್ಟೆ ಸುತ್ತಿದೆ. ಗಾಡಿ ಬದಲಾಯಿಸಲು ಹೊಸ ಕಾರಣಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದೆ. ದೊಡ್ಡ ಗಾಡಿ ಒಳ್ಳೆಯದು: ಎತ್ತರ ಹೆಚ್ಚು. ದೊಡ್ಡ ಗಾಡಿ ಒಳ್ಳೆಯದು: ಕನ್ನಡಿ ದೊಡ್ಡದು. ಮೂರನೆಯದು ಹೊಳೆಯಲಿಲ್ಲ.

ಆರನೆಯ ದಿನ ಸಾವಿರ ರೊಟ್ಟಿ ಹೇರಿದೆವು. ನೀಲವ್ವ ನೂರು ನೂರರಂತೆ ಬುಟ್ಟಿಗಳಲ್ಲಿ ಇಟ್ಟು ಬಿಳಿ ಬಟ್ಟೆ ಕಟ್ಟಿದ್ದಳು. ಸಾವಕಾಶ ಹೋಗ್ರಿ ಎಂದು ಹೇಳಿದಳು. ನಾನು ಸಾವಕಾಶವಾಗಿಯೇ ಹೋದೆ. ಹಾಗೆಂದು ನನಗೆ ನೆನಪು. ದಾರಿಯಲ್ಲಿ ಒಂದೆರಡು ತಗ್ಗುಗಳಲ್ಲಿ ಗಾಡಿ ಎಗರಿತು. ನಾಲ್ಕೈದು ಇರಬಹುದು. ಒಮ್ಮೆ ನನ್ನ ತಲೆ ಗಾಡಿಯ ಚಾವಣಿಗೆ ತಾಗಿತು.

ಮುಂಡರಗಿಯ ಅಡುಗೆಯವರು ಮೊದಲ ಬುಟ್ಟಿಯ ಬಟ್ಟೆ ಬಿಚ್ಚಿ, ಮುಷ್ಟಿ ತುಂಬ ತೆಗೆದು, ಬೆರಳ ಸಂದಿಯಿಂದ ಕೆಳಗೆ ಸುರಿದರು.

"ಇದು ರೊಟ್ಟಿನೋ, ಕೋಳಿಗೆ ಹಾಕೂದೋ?"

ಹತ್ತೂ ಬುಟ್ಟಿಯದು ಅದೇ ಕಥೆ. ಮದುವೆಗೆ ಇನ್ನೂ ಎರಡು ದಿನ ಇದ್ದದ್ದು ಪುಣ್ಯ. ನಾಡಿದ್ದು ಮುಂಜಾನೆಯೊಳಗೆ ಸಾವಿರ ಇಡೀ ರೊಟ್ಟಿ ಬರಬೇಕು, ಇಲ್ಲದಿದ್ದರೆ ಈ ಕಡೆ ಮತ್ತೆ ಬರಬೇಡಿರಿ ಎಂದರು. ನುಚ್ಚನ್ನು ಹೊತ್ತು ಮನೆಗೆ ಬಂದೆ. ನೀಲವ್ವ ಬುಟ್ಟಿಗಳನ್ನು ನೋಡಿದಳು. ನಾಲ್ಕೂ ಮನೆಗೆ ಹೇಳಿ ಕಳಿಸಿ, ಒಲೆ ಹೊತ್ತಿಸಿ, ಮತ್ತೆ ಹಿಟ್ಟು ನಾದಲು ಕೂತಳು. ಅವಳು ಬೈದಿದ್ದರೆ ನನಗೆ ಊಟ ಸೇರುತ್ತಿತ್ತು. ಅಂದಿನಿಂದ ಮನೆಯಲ್ಲಿ ಎರಡು ಹೊತ್ತೂ ರೊಟ್ಟಿ ಒಗ್ಗರಣೆ.

ನನ್ನ ತೀರ್ಪು ಸ್ಪಷ್ಟವಾಗಿತ್ತು. ದೊಡ್ಡ ಗಾಡಿಯ ಸ್ಪ್ರಿಂಗ್ ಪಾಟಾ ಬಿರುಸು, ಹಗುರ ಸರಕು ಅದಕ್ಕೆ ಆಗಿಬರುವುದಿಲ್ಲ, ದೋಷ ಗಾಡಿಯದು. ಆದರೆ ದೋಷ ಸಾಬೀತಾಗಬೇಕು. ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ ಪಾಠ ಒಂದೇ: ಎಲ್ಲವನ್ನೂ ಹಾಗೇ ಇಟ್ಟು ಒಂದನ್ನು ಮಾತ್ರ ಬದಲಿಸು. ಅದೇ ಗಾಡಿ, ಅದೇ ದಾರಿ, ಅಷ್ಟೇ ರೊಟ್ಟಿ. ಓಡಿಸುವವನು ಮಾತ್ರ ಫಕೀರಪ್ಪ. ತನ್ನ ಗಾಡಿಯ ಕುಣಿತವನ್ನು ಅವನೇ ಕಣ್ಣಾರೆ ನೋಡಲಿ!

ಸಾವಿರ ರೊಟ್ಟಿಯನ್ನು ಪಣಕ್ಕಿಡುವ ಈ ಯೋಜನೆಗೆ ನೀಲವ್ವ ತಕ್ಷಣ ಒಪ್ಪಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಎಂಟನೆಯ ದಿನ ನಸುಕಿನಲ್ಲೇ ಫಕೀರಪ್ಪ ನಮ್ಮ ಗಾಡಿ ತಂದು ಮನೆಯ ಮುಂದೆ ನಿಲ್ಲಿಸಿ ತನ್ನದನ್ನು ಹತ್ತಿದ. ಪಕ್ಕದಲ್ಲಿ ನಾನು, ನನ್ನ ಪಕ್ಕದಲ್ಲಿ ನೀಲವ್ವ. ಅವನು ಒಂದು ತಗ್ಗನ್ನೂ ಬಿಡದೆ ಗಾಡಿ ನಿಧಾನಿಸಿ, ಒಂದು ಗಾಲಿ ಇಳಿಸಿ, ಆಮೇಲೆ ಇನ್ನೊಂದನ್ನು ಇಳಿಸುತ್ತಿದ್ದ, ಮುದುಕಿಯನ್ನು ಮೆಟ್ಟಿಲು ಇಳಿಸಿದಂತೆ. ಆ ದಾರಿಯಲ್ಲಿ ಅಷ್ಟು ತಗ್ಗುಗಳಿವೆ ಎಂದು ನನಗೆ ಅಂದೇ ಗೊತ್ತಾದದ್ದು. ಮುಂಡರಗಿಯಲ್ಲಿ ಅಡುಗೆಯವರು ಹತ್ತು ಬುಟ್ಟಿ ಬಿಚ್ಚಿ ಎಣಿಸಿದರು. ಒಂದು ರೊಟ್ಟಿ ಕಡಿಮೆ ಬಿತ್ತು. ಅದನ್ನು ದಾರಿಯಲ್ಲಿ ಪರೀಕ್ಷೆಗೆಂದು ನಾನೇ ತಿಂದಿದ್ದೆ.

ಹಂಗಾಮಿನ ಆರ್ಡರ್ ಅಲ್ಲೇ ನಿಂತು ಕೊಟ್ಟರು. ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದಳು:

"ನಮ್ಮ ಗಾಡ್ಯಾಗ ಒಯ್ಯೂ ಮುಂದನೂ ಪ್ರತಿ ಸಲ ಹತ್ತಿಪ್ಪತ್ತು ಮುರೀತಿದ್ವು. ನೀವು ರಸ್ತಾ ಸರಿ ಇಲ್ಲ ಅಂತಿದ್ರಿ. ನಾ ನಂಬಿದ್ದೆ."

ಹತ್ತಿಪ್ಪತ್ತು ಮುರಿಯುತ್ತಿದ್ದವೇ? ನನಗೆ ನೆನಪಿಲ್ಲ. ನೋಟ್‌ಬುಕ್ಕಿನಲ್ಲೂ ಇಲ್ಲ.

ಆದರೂ ಕೊನೆಯ ಮಾತು ನನ್ನದೇ ಆಗಬೇಕಿತ್ತು. ತಿರುಗಿ ಲಕ್ಷ್ಮೇಶ್ವರಕ್ಕೆ ಬಂದಾಗ ಕಾಕಾ ಚಹಾದ ಅಂಗಡಿಯಲ್ಲಿ ಕಾಯುತ್ತಿದ್ದರು. ಬದಲಿ ಒಪ್ಪಬೇಕೋ ಬೇಡವೋ ಎಂಬುದನ್ನು ಎರಡೂ ಕಡೆ ತೂಗಿ ಹೇಳುತ್ತೇನೆ, ಒಂದು ವಾರ ಸಮಯ ಬೇಕು ಎಂದು ಗಂಭೀರವಾಗಿ ಶುರುಮಾಡಿದೆ. ಫಕೀರಪ್ಪ ಕೈಮುಗಿದ.

"ಬ್ಯಾಡ್ರೀ ಅಣ್ಣಾರ. ನಿಮ್ಮ ಗಾಡಿ ಬಂಗಾರದಂಥಾದ್ದು. ಆದ್ರ ನನ್ನ ಗಾಡಿ ನಿಮ್ಮ ಕೈಯಾಗ ಕೊಡಾಕ ನನಗ ಮನಸ್ಸು ಒಪ್ಪವಲ್ದು. ಹಿಂದ ಹಿಂದ ಬರೂದಾದ್ರೂ ಅಡ್ಡಿ ಇಲ್ಲ, ನಾನ ಇಟ್ಕೋತೀನಿ."

ಕಾಕಾ ಟವೆಲಿನಿಂದ ಬಾಯಿ ಒರೆಸಿಕೊಂಡರು. "ಎರಡೂ ಎತ್ತು ಚಲೋ ಅದಾವ," ಎಂದರು, ಮುಂದೆ ಏನೂ ಹೇಳಲಿಲ್ಲ. ಹೇಳಿದ್ದರೆ ನಾನು ವಾದ ಮಾಡಬಹುದಿತ್ತು.

ಈಗ ನೀಲವ್ವನ ರೊಟ್ಟಿ ಫಕೀರಪ್ಪನ ಗಾಡಿಯಲ್ಲಿ ಹೋಗುತ್ತವೆ. ನನ್ನ ಪಾಲಿಗೆ ಉಳ್ಳಾಗಡ್ಡಿ. ಉಳ್ಳಾಗಡ್ಡಿ ಹೆಂಗ ಒಯ್ದರೂ ನಡೀತೈತಿ ಎಂಬುದು ಅವಳ ತೀರ್ಮಾನ. ಮೊನ್ನೆ ಗದಗ ಮಾರ್ಕೆಟ್ಟಿನಲ್ಲಿ ಹಮಾಲನೊಬ್ಬ ನನ್ನ ಗಾಡಿಯ ಚೀಲ ಇಳಿಸಿ, ಕೆಳಗೆ ಒಸರಿದ ರಸ ನೋಡಿ, ಒಂದು ಗಡ್ಡೆ ಕೈಯಲ್ಲಿ ಹಿಡಿದು ಕೇಳಿದ: "ಸಾಹೇಬ್ರ, ಇವನ್ನ ಯಾರು ಜಜ್ಜಿದ್ರು?"

ಇದಕ್ಕೂ ಒಂದು ಪ್ರಯೋಗ ಮಾಡಿ ನೋಡಬಹುದಿತ್ತು. ಈ ಸಲ ಧೈರ್ಯವಾಗಲಿಲ್ಲ.