ಉಪ್ಪಿಲ್ಲದ ಕೋಟೆಯ ಅಡುಗೆ

ನಾನೊಂದು ಅಡುಗೆ ಪುಸ್ತಕ ಬರೆದಿದ್ದೇನೆ. ಒಳ್ಳೆಯ ಕಾಗದ, ಬಣ್ಣದ ಚಿತ್ರಗಳು, ಗಟ್ಟಿ ರಟ್ಟು. ಕೊರತೆ ಒಂದೇ. ಇಡೀ ಪುಸ್ತಕದಲ್ಲಿ ಎಲ್ಲೂ ಉಪ್ಪಿಲ್ಲ. ಸಾರಿಗಿಲ್ಲ, ಪಲ್ಯಕ್ಕಿಲ್ಲ, ಕೊನೆಗೆ ಉಪ್ಪಿನಕಾಯಿಗೂ ಇಲ್ಲ! ಪಾಯಸ ಮಾತ್ರ ಬಹಳ ಚೆನ್ನಾಗಿ ಬರುತ್ತದೆ ಎಂದು ಓದುಗರು ಹೇಳುತ್ತಾರೆ.

ಅಚ್ಚಿನ ತಪ್ಪು ಅಂತ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಈ ತಪ್ಪು ಪೂರ್ತಿ ನನ್ನದು. ಇದರಲ್ಲಿ ಯಾರಿಗೂ ಪಾಲು ಕೊಡುವವನಲ್ಲ ನಾನು.

ನಮ್ಮ ಆಫೀಸು ಪುಣೆಯ ಖರಾಡಿಯಲ್ಲಿ. ಜನಪ್ರಿಯ ವಿಡಿಯೋ ಗೇಮ್‌ಗಳನ್ನು ಪುಸ್ತಕ ಮಾಡಿ ಮಾರುವುದು ನಮ್ಮ ಕಸುಬು. ‘ಕಲ್ಲುಕೋಟೆ’ ಎಂಬ ಆಟವನ್ನು ಆಗ ಪುಣೆಯ ಹುಡುಗ ಹುಡುಗಿಯರೆಲ್ಲ ಊಟ ಬಿಟ್ಟು ಆಡುತ್ತಿದ್ದರು. ಹಾಗೆ ಊಟ ಬಿಟ್ಟವರಿಗೆ ಅಡುಗೆ ಪುಸ್ತಕ ಮಾರಬೇಕೆಂದು ನಮ್ಮ ಕಂಪನಿ ತೀರ್ಮಾನಿಸಿತು. ಜೊತೆಗೊಂದು ಕಾದಂಬರಿ.

“ಈ ಆಟದಾಗ ಅಡಗಿ ಮಾಡಿದವರು ಯಾರದೀರಿ?” ಎಂದು ನಮ್ಮ ಸಂಪಾದಕಿ ಕುಲಕರ್ಣಿ ಮೇಡಂ ಮೀಟಿಂಗಿನಲ್ಲಿ ಕೇಳಿದರು.

ಕೈ ಎತ್ತಿದೆ. ಆಟದಲ್ಲಿ ನಾನು ಛತ್ರ ನಡೆಸಿದವನು. ಸೈನ್ಯಗಳಿಗೆ ಉಣಬಡಿಸಿದವನು. ಸತ್ತ ಕುದುರೆ ನನ್ನ ಬೇರುಸಾರು ಕುಡಿದು ಎದ್ದು ನಿಂತದ್ದುಂಟು. ನಮ್ಮ ಮನೆಯ ಅಡುಗೆಮನೆಯಲ್ಲಿ ಮಾತ್ರ ನನಗೆ ನೀರಿನ ಫಿಲ್ಟರ್ ಎಲ್ಲಿದೆ ಎಂಬುದಷ್ಟೇ ಗೊತ್ತಿತ್ತು. ಎರಡೂ ಪುಸ್ತಕ ನನ್ನ ಹೆಗಲಿಗೆ ಬಿದ್ದವು.

ನಿಜ ಹೇಳಬೇಕೆಂದರೆ ನನಗೆ ಈ ಕೆಲಸ ಬೇಕಾಗಿದ್ದದ್ದು ಅತ್ತೆಯವರ ಸಲುವಾಗಿ. ಅತ್ತೆ ಶಾರದಾಬಾಯಿ ಕಲಬುರಗಿ ಕಡೆಯವರು, ಈಗ ಪುಣೆಯಲ್ಲೇ ಕೊಂಢವಾದಲ್ಲಿದ್ದಾರೆ. ಅಲ್ಲಿಯ ಕನ್ನಡದ ಮನೆಗಳಲ್ಲಿ ಇವರ ಕೈಯಡುಗೆ ಇಲ್ಲದೆ ಒಂದು ತೊಟ್ಟಿಲ ಕಾರ್ಯವೂ ನಡೆಯುವುದಿಲ್ಲ. ಅಂಥವರ ಕಣ್ಣಿಗೆ ನಾನು ಮದುವೆಯಾದಾಗಿನಿಂದ ಮೊಬೈಲ್ ಒತ್ತುತ್ತಾ ಕೂತ ಮನುಷ್ಯ. “ಆಟ ಆಡಿದ್ರ ಪಗಾರ ಯಾರ ಕೊಡ್ತಾರವ್ವ?” ಎಂದು ನನ್ನೆದುರೇ ಮಗಳನ್ನು ಕೇಳಿದ್ದರು. ಅವರಿಂದ ಒಮ್ಮೆ ಭೇಷ್ ಅನ್ನಿಸಿಕೊಳ್ಳುವುದು ನನ್ನ ಬದುಕಿನ ಪರಮ ಗುರಿಯಾಗಿತ್ತು.

“ಅತ್ತೆ, ನಾನೊಂದು ಅಡುಗೆ ಪುಸ್ತಕ ಬರೀತಾ ಇದೀನಿ” ಎಂದೆ.

ಹೋಳಿಗೆ ಲಟ್ಟಿಸುತ್ತಿದ್ದ ಕೈ ನಿಂತಿತು. “ಖರೇನ?”

“ಪ್ರಾಮಿಸ್ ಅತ್ತೆ.”

ಅಂದು ನನ್ನ ತಟ್ಟೆಗೆ ಕೇಳದೆಯೇ ತುಪ್ಪ ಬಿತ್ತು.

ಬರೆಯುವುದು ಎಷ್ಟು ಸುಲಭ ಅಂತೀರಿ! ಆಟ ಆಡುವುದು, ಪರದೆಯ ಮೇಲಿನ ಪಾತ್ರೆಗೆ ಏನೇನು ಬಿತ್ತೋ ಅದನ್ನು ಬರೆದುಕೊಳ್ಳುವುದು. ಗಡ್ಡೆ, ಮೆಣಸು, ಹುಣಸೆ, ಸೊಪ್ಪು. ಪಾತ್ರೆ ಟಿಂಗ್ ಎಂದರೆ ಅಡುಗೆ ಆಯಿತು. ಪುಸ್ತಕ ಮುಗಿಸಿದ ಮೇಲೆ ಹೆಂಡತಿ ಅಶ್ವಿನಿ ಒಂದು ಭಾನುವಾರ ನನ್ನ ಬೇರುಸಾರು ಮಾಡಿ ಬಾಯಿಗಿಟ್ಟಳು.

“ರೀ, ಇದರಾಗ ಉಪ್ಪೆಲ್ಲದ?”

“ಆಟದಲ್ಲಿ ಉಪ್ಪಿಲ್ಲ ಕಣೆ.”

“ಆಟದಾಗ ನಾಲಿಗಿನೂ ಇಲ್ಲ. ನಮಗದ ಅಲಾ?”

ಮರುದಿನ ಮೇಡಂ ಹತ್ತಿರ ಓಡಿದೆ. ಅವರು ಅಡ್ಡಡ್ಡ ತಲೆಯಾಡಿಸಿದರು. “ಆಟದಾಗ ಇಲ್ಲದ್ದು ಪುಸ್ತಕದಾಗ ಬರಂಗಿಲ್ರಿ. ಆಟದವರ ಜೋಡಿ ಒಪ್ಪಂದನ ಹಂಗದ.”

ಆಟದ ಮಾಲೀಕರಿಗೆ ಮೇಲ್ ಬರೆದೆ. ಬಹಳ ಗೌರವದಿಂದ ಉತ್ತರ ಬಂತು: ಕಲ್ಲುಕೋಟೆಯ ಲೋಕದಲ್ಲಿ ಉಪ್ಪು ಎಂಬ ವಸ್ತು ಅಸ್ತಿತ್ವದಲ್ಲಿಲ್ಲ, ತಮ್ಮ ಕಳಕಳಿಗೆ ಧನ್ಯವಾದಗಳು.

ಆದರೆ ಒಪ್ಪಂದದಲ್ಲಿ ಒಂದು ಸಂದು ಇತ್ತು. ಅವರು ಒಪ್ಪಿದ ಕಾದಂಬರಿಯಲ್ಲಿ ಏನಿದೆಯೋ ಅದು ಆ ಲೋಕದಲ್ಲೂ ಇದ್ದಂತೆ ಲೆಕ್ಕ. ಸರಿ, ಕಾದಂಬರಿಗೆ ಕೈ ಹಾಕಿದೆ. ಕೋಟೆಯಲ್ಲಿ ಸೆರೆಯಾದ ತಂಗಿಯನ್ನು ಬಿಡಿಸಲು ಹೊರಟಿದ್ದ ನಾಯಕನನ್ನು ಅರ್ಧ ದಾರಿಯಲ್ಲಿ ಸಮುದ್ರದ ಕಡೆಗೆ ತಿರುಗಿಸಿದೆ. ಅಣ್ಣ ಹೋಗಿ ಉಪ್ಪು ತರಲಿ ಎಂದು ಪಾಪದ ಆ ತಂಗಿ ಮೂರು ಅಧ್ಯಾಯ ಸೆರೆಯಲ್ಲೇ ಕಾದಳು. ಕಣ್ಣಲ್ಲಿ ನೀರು ಬಂತು ಎಂದು ಬರೆದು ಮಾಲೀಕರು ಒಪ್ಪಿಗೆ ಕೊಟ್ಟರು.

“ಮೇಡಂ, ಉಪ್ಪು ಅಪ್ರೂವ್ ಆಯ್ತು” ಎಂದು ಕುಣಿಯುತ್ತಾ ಹೋದೆ.

“ಅಡಗಿ ಪುಸ್ತಕ ನಿನ್ನೆನ ಅಚ್ಚಿಗೆ ಹೋತಲ್ರಿ. ನೀವ ಸಹಿ ಮಾಡೀರಿ.”

ಹೌದು. ಚಹಾ ಕುಡಿಯುತ್ತಾ ಯಾವುದೋ ಕಾಗದಕ್ಕೆ ಸಹಿ ಹಾಕಿದ್ದೆ. ಆ ಚಹಾ ಬಹಳ ಚೆನ್ನಾಗಿತ್ತು.

ಕಾದಂಬರಿ ಮೊದಲು ಅಂಗಡಿಗೆ ಬಂತು, ಆಟದ ಹುಡುಗರು ಮುಗಿಬಿದ್ದು ಓದಿದರು. ಅಡುಗೆ ಪುಸ್ತಕದ ಮೊದಲ ಪ್ರತಿಯನ್ನು ಅತ್ತೆಗೆ ಕೊಟ್ಟೆ. ಅವರು ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದರು. “ಬಿಡುಗಡಿ ದಿನ ನಾನ ಬಂದು ಅಡಗಿ ಮಾಡ್ತೀನ್ರಿ, ಅಳಿಯಂದ್ರ. ನೀವು ಬರದಂಗನ. ಒಂದಕ್ಷರ ಆಚಿಗಿಲ್ಲ, ಈಚಿಗಿಲ್ಲ” ಎಂದರು.

ಸತ್ಯ ಹೇಳಲು ಅದೇ ಸರಿಯಾದ ಕ್ಷಣ. ನಾನು ಬಾಯಿ ತೆರೆದೆ. ಒಂದು ಬೇಸನ್ ಉಂಡೆ ಬಂತು. ಬಾಯಿ ಮುಚ್ಚಿದೆ.

ಬಿಡುಗಡೆ ನಡೆದದ್ದು ಖರಾಡಿಯ ಒಂದು ಮಾಲ್‌ನ ಪುಸ್ತಕದಂಗಡಿ ಮುಂದೆ. ಅತ್ತೆ ಕೊಂಢವಾದಿಂದ ಒಂದು ಟೆಂಪೋ ತುಂಬ ಗೆಳತಿಯರನ್ನು ಕರೆತಂದರು. ಹಸಿರು ಇಳಕಲ್ ಸೀರೆಯುಟ್ಟು, ನನ್ನ ಪುಸ್ತಕ ಬಿಡಿಸಿಟ್ಟುಕೊಂಡು ಬೇರುಸಾರಿಗೆ ಕೈ ಹಚ್ಚಿದರು. ಬಡಿಸುವ ಮೊದಲು ರುಚಿ ನೋಡುವ ಪದ್ಧತಿ ಅವರಿಗಿಲ್ಲ. ನನ್ನ ಜೇಬಿನಲ್ಲಿ ಉಪ್ಪಿನ ಪೊಟ್ಟಣ. ಪಾತ್ರೆಯ ಹತ್ತಿರ ಸರಿದಾಗಲೆಲ್ಲ ಅತ್ತೆ, “ಅಳಿಯಂದ್ರ, ದೂರ ನಿಂದರ್ರಿ, ಭಾಳ ಬಿಸಿ ಅದ” ಎನ್ನುತ್ತಿದ್ದರು. ನಮ್ಮ ಪೊಟ್ಟಣ ಜೇಬಲ್ಲೇ ಉಳಿಯಿತು.

ಬಡಿಸಿದ್ದಾಯಿತು. ನಾಯಕನ ಹಾಗೆ ಕೆಂಪು ಮೇಲಂಗಿ ತೊಟ್ಟು ಬಂದಿದ್ದ ಹುಡುಗಿಯೊಬ್ಬಳು ಮೊದಲ ಗುಟುಕು ಕುಡಿದಳು. ಅವಳ ಕಣ್ಣು ಅರಳಿತು.

“ಮೀಠ್ ನಾಹೀ ರೇ!” ಎಂದು ಕೂಗಿದಳು. ಉಪ್ಪಿಲ್ಲ! ಕೂಗಿದ್ದು ಸಿಟ್ಟಿನಿಂದಲ್ಲ, ಸಂಭ್ರಮದಿಂದ. ಕಾದಂಬರಿ ಓದಿದ್ದವಳು, ನಾಯಕ ಹೋದಂತೆ ತಾವೂ ಉಪ್ಪು ಹುಡುಕಿ ತರಬೇಕು, ಅದೇ ಇವತ್ತಿನ ಆಟ ಎಂದುಕೊಂಡಳು. “ಚಲಾ!”

ಹೊರಟಿತು ದಂಡು. ಬಟ್ಟಲುಗಳನ್ನು ಅಲ್ಲೇ ಬಿಟ್ಟು ಎಲ್ಲರೂ ಎಸ್ಕಲೇಟರ್ ಹತ್ತಿದರು, ಅವಸರವಿದ್ದವರು ಇಳಿಯುವ ಎಸ್ಕಲೇಟರನ್ನೇ ಹತ್ತಿದರು. ಫುಡ್ ಕೋರ್ಟಿನ ಉಪ್ಪಿನ ಪೊಟ್ಟಣಗಳು ಖಾಲಿ. ಜ್ಯೂಸ್ ಅಂಗಡಿಯ ಕಪ್ಪುಪ್ಪು ಖಾಲಿ. ಸೆಕ್ಯೂರಿಟಿಯವರು ಸೀಟಿ ಊದುತ್ತಾ ಬಂದು ಏನು ಕಳುವಾಯಿತೆಂದು ಕೇಳಿದರು. ವಿಷಯ ತಿಳಿದ ಮೇಲೆ ತಮ್ಮ ಡಬ್ಬಿಯಿಂದ, ಸೌತೆಕಾಯಿಗೆಂದು ಕಟ್ಟಿಸಿಕೊಂಡು ಬಂದಿದ್ದ ಉಪ್ಪು ತೆಗೆದುಕೊಟ್ಟರು. ದಂಡು ಗೆದ್ದು ಬಂದವರಂತೆ ಕೈ ಮೇಲೆತ್ತಿ ವಾಪಸು ಬಂತು. ಅವರವರ ಬಟ್ಟಲಿಗೆ ಉಪ್ಪು ಬಿತ್ತು. ಚಪ್ಪಾಳೆ!

ಕುಲಕರ್ಣಿ ಮೇಡಂ ನನ್ನ ಬೆನ್ನು ತಟ್ಟಿದರು. “ಏನ್ ಡೋಕ್ಯಾರಿ ನಿಮ್ದು, ಭಾರೀ ತಲಿ! ಮೊದಲ ಹೇಳಬಾರದೇನು?”

“ಸರ್‌ಪ್ರೈಸ್ ಇರ್ಲಿ ಅಂತ ಮೇಡಂ” ಎಂದು ವಿನಯದಿಂದ ತಲೆ ಬಾಗಿಸಿದೆ.

ತಲೆ ಎತ್ತಿದಾಗ ಅತ್ತೆ ಕಂಡರು. ಕೈಯಲ್ಲಿ ಸೌಟು. ತಮ್ಮ ಸಾರಿಗೆ ಕಂಡಕಂಡವರೆಲ್ಲ ಉಪ್ಪು ಉದುರಿಸುವುದನ್ನು ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಅಡುಗೆಗೆ ಯಾರೂ ಮೇಲುಪ್ಪು ಕೇಳಿದ್ದಿಲ್ಲ. ಅದೂ ಗೆಳತಿಯರ ಎದುರಿಗೆ. ಗೆಳತಿಯರೋ, ಪಾಪ, ಮರ್ಯಾದೆಗೆ ಅದೇ ಸಪ್ಪೆ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಣ್ಣುತ್ತಿದ್ದರು. ನನ್ನ ಭೇಷ್ ಅಲ್ಲಿಗೆ ಮುಗಿಯಿತು.

ವಾಪಸು ಹೋಗುವಾಗ ಟೆಂಪೋದ ಹಿಂದಿನ ಸೀಟಿನಲ್ಲಿ ಅತ್ತೆಯ ಪಕ್ಕ ಕೂತು ಬಾಯಿಬಿಟ್ಟೆ. “ಅತ್ತೆ, ತಪ್ಪಾಯ್ತು. ಪುಸ್ತಕದಲ್ಲಿ ಉಪ್ಪು ಹಾಕೋಕೆ…”

“ಗೊತ್ತದರಿ. ಕುಂಕುಮ ಹಚ್ಚಿ ಪುಟ ತಿರುವಿದಾಗನ ಗೊತ್ತಾತು.”

“ಮತ್ತೆ ನೀವಾದ್ರೂ ಹಾಕ್ಬೋದಿತ್ತಲ್ಲ?”

ಅತ್ತೆ ಮುಂದಿನ ಸೀಟುಗಳ ಕಡೆ ನೋಡಿ ದನಿ ತಗ್ಗಿಸಿದರು. “ಬಿ.ಪಿ. ಇದ್ದವರ ಸಲುವಾಗಿ ನಮ್ಮ ಅಳಿಯಂದ್ರು ಪುಸ್ತಕ ಬರದಾರ ಅಂತ ಇವರಿಗೆಲ್ಲ ಹೇಳೀನ್ರಿ. ಉಪ್ಪು ಮರತಾರ ಅಂತ ಹ್ಯಾಂಗ ಹೇಳ್ಲಿ? ಉಂಡು ಖುಷಿಯಾಗಿ ಎಲ್ಲಾರೂ ಒಂದೊಂದು ಪುಸ್ತಕ ತಗೊಂಡಾರ. ಸುಮ್ಮ ಕುಂದರ್ರಿ.”

ನನಗೆ ಜೀವ ಬಂದಂತಾಯಿತು. “ಹಾಗಾದ್ರೆ ಇನ್ನೊಂದು ಬರೀಲಾ ಅತ್ತೆ?”

ಅತ್ತೆ ತಮ್ಮ ಸೌಟನ್ನು ನನ್ನ ಕೈಗೆ ಸಿಗದಂತೆ ಆಚೆ ಬದಿಗೆ ಸರಿಸಿಕೊಂಡರು.

“ಆಟ ಬೇಕಾದಷ್ಟು ಆಡ್ರಿ, ಅಳಿಯಂದ್ರ. ನಾ ಇನ್ನ ಏನೂ ಅನ್ನಂಗಿಲ್ಲ. ಅಡಗಿಮನಿ ಕಡಿಗೆ ಮಾತ್ರ ಬರಬ್ಯಾಡ್ರಿ.”