ಮಲ್ಲಿಗೆ ಮೊಳಕ್ಕೆ ನ್ಯಾಯವಾದ ರೇಟು

ಬೇರೆಯವರ ವಾದದಲ್ಲಿ ತಪ್ಪು ಹುಡುಕುವುದು ನನ್ನ ಕಸುಬು. ಜಯನಗರದ ಒಂದು ಕೋಚಿಂಗ್ ಸೆಂಟರಿನಲ್ಲಿ ಪ್ರವೇಶ ಪರೀಕ್ಷೆಗೆ ತರ್ಕ ಹೇಳಿಕೊಡುತ್ತೇನೆ. ಎಲ್ಲೇ ಹೋಗಲಿ, ಯಾರಾದರೂ ಒಂದು ವಾದ ಹಿಡಿದು ಎದುರಿಗೆ ಬರುತ್ತಾರೆ, ಕೊನೆಗೆ ತಲೆ ಕೆಡುವುದು ನನಗೇ.

೧. ಗಿರಮಿಟ್

ಕ್ಲಾಸಿನಲ್ಲಿ ಮೊನ್ನೆ ಒಂದು ಪ್ರಶ್ನೆ. ವಿದೇಶಿ ಕಂಪನಿಯೊಂದು ತನ್ನ ದೇಶಕ್ಕಿಂತ ಕಡಿಮೆ ಬೆಲೆಗೆ ಇಲ್ಲಿ ಬಿಸ್ಕತ್ತು ಮಾರುತ್ತಿದೆ, ಆದ್ದರಿಂದ ನಷ್ಟಕ್ಕೆ ಮಾರಿ ನಮ್ಮವರನ್ನು ಮುಳುಗಿಸುತ್ತಿದೆ. ಈ ವಾದದಲ್ಲಿ ತಪ್ಪೇನು?

ಬಿಟಿಎಂನಲ್ಲಿ ರೂಮು ಮಾಡಿಕೊಂಡಿರುವ ಹುಬ್ಬಳ್ಳಿ ಕಡೆಯ ವಿದ್ಯಾರ್ಥಿ ಕೈ ಎತ್ತಿದ. "ಮೇಡಂ, ನಮ್ಮೂರಾಗ ಒಂದ್ ಪ್ಲೇಟ್ ಗಿರಮಿಟ್ ಮಂಡಕ್ಕಿ ಮೂವತ್ತು ರೂಪಾಯಿ, ಇಲ್ಲಿ ಎಂಬತ್ತು. ಹಂಗಂತ ನಮ್ಮೂರಾಂವ ಲುಕ್ಸಾನಿಗೆ ಮಾರಾಕತ್ತಾನಂತ ಅಲ್ಲಲ್ರಿ?"

ಎಷ್ಟು ಖುಷಿಯಾಯಿತೆಂದರೆ, ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವನು ಮಾತ್ರ ಕೂರಲಿಲ್ಲ. "ಹಂಗಾರ ಇಲ್ಲಿಯಾಂವ ನನ್ನ ಬೋಳಸಾಕತ್ತಾನ, ಹೌದಿಲ್ರಿ?"

"ಅದು ಬೇರೆ ಪ್ರಶ್ನೆ" ಎಂದೆ.

"ನನಗ ಅದ ಬೇಕಾಗಿತ್ರಿ" ಅಂದ.

೨. ಪಂಚಾಯ್ತಿ

ನಮ್ಮ ಜೆ.ಪಿ. ನಗರದ ದೇವಸ್ಥಾನದ ಮುಂದೆ ಬಹಳ ವರ್ಷದಿಂದ ಒಬ್ಬರು ಹೂವಮ್ಮ ಕೂರುತ್ತಾರೆ. ಕೋಣನಕುಂಟೆಯವರು. ಅವರ ಎದುರಿಗೆ ಈಗ ಗೊಟ್ಟಿಗೆರೆಯಿಂದ ಇನ್ನೊಬ್ಬರು ಬಂದು ಕೂತಿದ್ದಾರೆ. ಗಿರಾಕಿಗಳೆಲ್ಲ ಆ ಕಡೆಗೇ. ಹೂವಮ್ಮ ನನ್ನನ್ನು ತಡೆದು ನಿಲ್ಲಿಸಿದರು.

"ಮೇಡಂ, ಇಬ್ರೂ ತರೋದು ಒಂದೇ ಮಾರ್ಕೆಟ್ಟಿಂದ. ನಂದು ಮೊಳ ಐವತ್ತು, ಅವಳ್ದು ನಲವತ್ತು. ನಂಗೇ ಗಿಟ್ಟಲ್ಲ, ಅವಳಿಗೆ ಹೆಂಗೆ ಗಿಟ್ಟುತ್ತೆ? ನನ್ನ ಓಡ್ಸಕ್ಕೇ ಲಾಸಲ್ಲಿ ಮಾರ್ತಾವ್ಳೆ. ನೀವು ತಪ್ಪು ಕಂಡುಹಿಡಿಯೋರಲ್ವಾ, ಹೇಳಿ. ಅನ್ಯಾಯ ಅಂದ್ರೆ ಪೂಜಾರಪ್ಪಂಗೆ ಹೇಳಿ ಅವಳನ್ನ ಎಬ್ಬಿಸ್ತೀನಿ. ನ್ಯಾಯ ಅಂದ್ರೆ ನಾನೇ ಬುಟ್ಟಿ ಎತ್ಕೊಂಡು ಹೋಯ್ತೀನಿ."

ಪರೀಕ್ಷೆಯಲ್ಲಾದರೆ ಎ, ಬಿ, ಸಿ, ಡಿ ಅಂತ ನಾಲ್ಕು ಆಯ್ಕೆ ಇರುತ್ತಿತ್ತು. ಇಲ್ಲಿ ಎರಡೇ, ಎರಡರಲ್ಲೂ ಒಬ್ಬರ ಅನ್ನ ಹೋಗುತ್ತದೆ. ನನಗೆ ಹೆದರಿಕೆಯಾಯಿತು.

ಹೊಸಬರ ಹತ್ತಿರ ಹೋಗಿ, "ಅಕ್ಕ, ನಷ್ಟ ಮಾಡ್ಕೊಂಡು ಮಾರ್ತಿದೀರಾ?" ಎಂದು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಷ್ಟ ಮಾಡ್ಕೊಳೋದಾದ್ರೆ ಮನೇಲಿ ಫ್ಯಾನ್ ಹಾಕ್ಕೊಂಡು ಮಾಡ್ಕೊಳಲ್ವಾ ಮೇಡಂ? ಬಿಸಿಲಲ್ಲಿ ಯಾಕೆ ಕೂರ್ಲಿ?"

ಈ ವಾದದಲ್ಲೂ ತಪ್ಪು ಸಿಗಲಿಲ್ಲ.

೩. ತೀರ್ಪು

ಬೇರೆ ದಾರಿ ಕಾಣದೆ ಇಬ್ಬರಿಂದಲೂ ಒಂದೊಂದು ಮೊಳ ಮಲ್ಲಿಗೆ ಕೊಂಡು, ಮನೆಯ ಊಟದ ಮೇಜಿನ ಮೇಲೆ ಪಕ್ಕಪಕ್ಕ ಹಾಕಿ ಕೂತೆ. ಹೊಸಬರ ದಂಡೆ ಐದು ಬೆರಳಿನಷ್ಟು ಗಿಡ್ಡ.

ಮರುದಿನ ಇಬ್ಬರನ್ನೂ ಕರೆದು ಮೊಳಕೈ ಜೋಡಿಸಿ ನಿಲ್ಲಿಸಿದೆ. ನಮ್ಮ ಹೂವಮ್ಮ ಆಳುದ್ದ. ಹೊಸಬರು ಅವರ ಹೆಗಲಿಗೂ ಬರುವುದಿಲ್ಲ. ಮೊಳ ಎಂದರೆ ಮೊಣಕೈಯಿಂದ ಬೆರಳ ತುದಿಯವರೆಗೆ ತಾನೇ, ಕೈ ಗಿಡ್ಡ, ಮೊಳ ಗಿಡ್ಡ, ಬೆಲೆಯೂ ಗಿಡ್ಡ. ಲೆಕ್ಕ ಹಾಕಿದರೆ ಇಬ್ಬರದ್ದೂ ಒಂದೇ ರೇಟು. ಯಾರೂ ಏಳಬೇಕಾಗಿಲ್ಲ ಎಂದು ಸಾರಿದೆ.

ಹೂವಮ್ಮ ಹೊಸಬರ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಅಯ್ಯೋ, ದೇವ್ರು ಕೊಟ್ಟ ಕೈಗೆ ಪಾಪ ಇವಳೇನು ಮಾಡ್ತಾಳೆ" ಎಂದರು. ಇಬ್ಬರೂ ಒಂದೇ ಲೋಟದ ಕಾಫಿ ಹಂಚಿಕೊಂಡು ಕುಡಿದರು. ನನಗೆ ನಿಜವಾಗಿ ಹೆಮ್ಮೆಯಾಯಿತು, ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

೪. ಮೇಲ್ಮನವಿ

ಸಂಜೆ ದೇವಸ್ಥಾನಕ್ಕೆ ಹೋದಾಗ ಹೂವಮ್ಮನ ಮುಂದೆ ಸಾಲು ನಿಂತಿತ್ತು. ಎಲ್ಲರಿಗಿಂತ ಮುಂದೆ ನಮ್ಮ ಅತ್ತೆ.

"ರೇಟು ಎದುರಿನ ಆಯಮ್ಮಂದು ಹಾಕಿ, ಮೊಳ ನಿಮ್ದು ಕೊಡಿ" ಅನ್ನುತ್ತಿದ್ದರು. "ಇಬ್ರ ರೇಟೂ ಒಂದೇ ಅಂತ ನಮ್ಮ ಸೊಸೇನೇ ಹೇಳಿದಾಳೆ. ಒಂದೇ ಆದ್ಮೇಲೆ ಯಾವುದ್ ಕೊಟ್ರೇನು?"

ಹಿಂದಿದ್ದವರೆಲ್ಲ "ನಮಗೂ ಹಂಗೇ ಕೊಡಿ" ಎಂದರು. ಹೂವಮ್ಮ ದಾರ ಕೈಯಲ್ಲೇ ಹಿಡಿದು ನನ್ನ ಕಡೆ ತಿರುಗಿದರು. "ಮೇಡಂ, ಇದ್ರಲ್ಲಿ ಏನೋ ತಪ್ಪಿದೆ. ಎಲ್ಲಿ ಅಂತ ನೀವೇ ಹೇಳ್ಬುಡಿ."

ತಪ್ಪು ಎಲ್ಲಿದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯೂ ನನ್ನ ಕಡೆ ತಿರುಗಿದರು.

"ಈ ಪಾಠ ನಮ್ಮ ಸಿಲಬಸ್‌ನಲ್ಲಿಲ್ಲ ಕಣಮ್ಮ" ಎಂದೆ.