ಮೊಮ್ಮಗಳ ಚುಕ್ಕಿಗಳು

ಮನೇಲಿ ಒಬ್ಬರು ಗಣಿತ ಓದೋರಿದ್ದರೆ ನಗೋಕೆ ಬೇರೆ ಯಾರೂ ಬೇಕಾಗಿಲ್ಲ, ಒಂದಲ್ಲ ಒಂದು ನಡೀತಾನೇ ಇರ್ತದೆ. ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ನನ್ನ ಮೊಮ್ಮಗಳು ಮಾತ್ರ ಯಸಳೂರಿನ ನಮ್ಮ ಮನೆ ಜಗಲೀಲಿ ಕೂತು ಡಾಕ್ಟರೇಟಿಗೆ ಬರೆದಳು. ಮುಗೀತು ಅಂತ ಈಗ ಸಮಾಧಾನವಾಗಿ ಹೇಳ್ತಿದೀನಿ.

೧. ಟಾರ್ಪಾಲು

‘ಏನವ್ವ ಅಷ್ಟು ಬರೀತೀಯ?’ ಅಂತ ಕೇಳಿದ್ದೇ ತಪ್ಪಾಯ್ತು.

‘ಅಬೇಲಿಯನ್ ಅಂತ ಒಂದು ಜಾಗ ಐತಜ್ಜಿ. ಈ ಅಂಚಿಂದ ಆಚೆ ಹೋದ ಇರುವೆ ಎದುರು ಅಂಚಿಂದ ಒಳಗೆ ಬರ್ತದೆ. ತಡಿ, ತೋರಿಸ್ತೀನಿ’ ಅಂದವಳೇ ಅಂಗಳದಲ್ಲಿದ್ದ ಟಾರ್ಪಾಲನ್ನ ಕೊಳವೆ ಥರ ಸುತ್ತಿ, ಬಗ್ಗಿಸಿ, ಎರಡು ಬಾಯಿ ಸೇರಿಸಿ ಬಳೆ ಮಾಡಿಬಿಟ್ಟಳು. ಅದರ ಮೇಲೆ ಕಾಳುಮೆಣಸು ಒಣಗ್ತಿತ್ತು.

‘ಅರ್ಥ ಆಯ್ತಾ?’

‘ಇರುವೆ ವಾಪಸ್ ಬರ್ತದೆ ಅಂತ ಆಯ್ತು. ಮೆಣಸನ್ನ ನೀನೇ ಹೆಕ್ಕು.’

೨. ಬಸ್ಸಿನ ಸೀಟು

ಮೆಣಸು ಹೆಕ್ಕುತ್ತಾ ಉಳಿದದ್ದನ್ನೂ ಹೇಳಿದಳು. ಆ ಜಾಗದೊಳಗೆ ಹಣ್ಣಿನ ಸಿಪ್ಪೆಯಂಥ ಒಂದು ಮೈ ಇರ್ತದಂತೆ. ಅದರ ಮೇಲಿನ ಚುಕ್ಕಿಗಳನ್ನ ಕ್ಯಾನೋನಿಕಲ್ ಅನ್ನೋ ಕ್ರಮದಲ್ಲಿ ಇನ್ನೊಂದು ಕಡೆ ಕಳಿಸಬೇಕು. ಅಲ್ಲೊಂದು ಇಲ್ಲೊಂದು ಜೋಡಿ ಒಂದೇ ಕಡೆ ಬಿದ್ದರೆ ಚಿಂತೆಯಿಲ್ಲ. ಎಲ್ಲವೂ ಜೋಡಿಜೋಡಿಯಾಗಿ ಬಿದ್ದರೆ ಇವಳ ಇಷ್ಟು ವರ್ಷದ ಬರಹ ಒಲೆಗೆ. ಅದೇ ಯೋಚನೇಲಿ ಹುಡುಗಿ ಊಟ ಬಿಟ್ಟಿದ್ದಳು.

ಒಂದಿನ ಸಕಲೇಶಪುರದ ಬಸ್ಸಲ್ಲಿ ಬೆಳಗೋಡಿನ ನಮ್ಮ ನೆಂಟರ ಹೆಂಗಸು ಸಿಕ್ಕಿ, ‘ನಿನ್ ಮೊಮ್ಮಗಳು ಅದೇನ್ ಮಾಡ್ತಾಳೆ?’ ಅಂದಳು.

‘ಎರಡೆರಡು ಚುಕ್ಕಿ ಒಂದೇ ಕಡೆ ಬೀಳಲ್ಲ ಅಂತ ತೋರಿಸ್ತಾಳೆ ಕಣೆ.’

ಅವಳು ತನ್ನ ತೊಡೆ ಮೇಲೆ ಅರ್ಧ ಕೂತಿದ್ದ ದಪ್ಪ ಆಸಾಮಿಯನ್ನ ತೋರಿಸಿ, ‘ಮೊದ್ಲು ಈ ಬಸ್ಸಲ್ಲಿ ತೋರಿಸಕ್ಕೇಳು, ಪುಣ್ಯ ಬತ್ತದೆ’ ಅಂದಳು.

೩. ಒಪ್ಪಿಗೆ

ಕೊನೇ ಪರೀಕ್ಷೆಗೆ ಮೂವರು ದೊಡ್ಡ ಮೇಷ್ಟ್ರು ಲ್ಯಾಪ್‌ಟಾಪಿನೊಳಗೇ ಬಂದರು. ನಾನು ಬಾಗಿಲ ಸಂದೀಲಿ ನಿಂತೆ. ಮಾತೆಲ್ಲ ಇಂಗ್ಲಿಷು. ಅವರಲ್ಲಿ ಬಿಳಿಗಡ್ಡದವರೊಬ್ಬರು ಏನೋ ಕೇಳಿದರು, ಇವಳು ಹಾಳೆ ತಿರುವಿ ನೋಡಿದಳು. ಆಮೇಲೆ ಉತ್ತರ ಕೊಟ್ಟಳು. ಅವರೇನು ಕೇಳಿದರು, ತಾನೇನಂದೆ ಅಂತ ನನಗೆ ತಿಳಿಸಿದ್ದು ಎಲ್ಲ ಮುಗಿದ ಮೇಲೆ: ‘ಯಾವ ಮೈಗಾದ್ರೂ ಇದು ನಿಜಾನಾ ಅಂದ್ರು. ಮೈಗಳಲ್ಲಿ ಎಲ್ಲಕ್ಕಿಂತ ಸರಳ ಜಾತಿ ಒಂದೈತೆ. ಅದರಲ್ಲಿ ಚುಕ್ಕಿ, ಅದರ ಎದುರು ಚುಕ್ಕಿ, ಎರಡೂ ಒಂದೇ ಕಡೆ ಬೀಳ್ತಾವೆ. ಅದನ್ನ ಬಿಟ್ಟು ಬೇರೆಯವಕ್ಕೆ ಹೇಳಿದೀನಿ ಅಂದೆ ಅಜ್ಜಿ.’

‘ಸ್ವಲ್ಪ ಹೊರಗಿರಿ, ನಾವು ಮಾತಾಡ್ಕೊಳ್ತೀವಿ’ ಅಂದರಂತೆ ಮೇಷ್ಟ್ರುಗಳು. ಪರದೆ ಖಾಲಿಯಾಯ್ತು. ಇವಳು ಉಗುರು ಕಚ್ಚುತ್ತಾ ಕೂತಳು.

‘ಹೆಣ್ಣು ನೋಡೋಕೆ ಬಂದೋರು ತಾವೇ ಅಂಗಳಕ್ಕೋಗಿ ಗುಸುಗುಸು ಮಾಡ್ತಾರೆ. ಇವರೇನು, ಹೆಣ್ಣನ್ನೇ ಆಚೆ ಕಳಿಸ್ಬುಟ್ರು?’ ಅಂದೆ.

‘ಸುಮ್ಕಿರಜ್ಜಿ, ನಂಗೆ ಅಳು ಬತ್ತೈತೆ.’

ಪರದೆ ಮತ್ತೆ ಬೆಳಗಿತು. ಬಿಳಿಗಡ್ಡದವರು ನನ್ನನ್ನ ಸಂದೀಲಿ ಕಂಡರೋ ಏನೋ, ಕನ್ನಡದಲ್ಲೇ ಹೇಳಿದರು: ‘ನಮಗೆಲ್ಲ ಒಪ್ಪಿಗೆ ಆಯ್ತಮ್ಮ.’

ಮೊಮ್ಮಗಳು ಮುಖ ಮುಚ್ಚಿಕೊಂಡು ಬಿಕ್ಕಿದಳು. ನನಗೂ ಎದೆ ಮೇಲಿನ ಕಲ್ಲು ಇಳೀತು. ಆದರೆ ದೊಡ್ಡೋರು ಒಪ್ಪಿಗೆ ಅಂದಾಗ ಮನೆಯವರು ಯಾರಾದರೂ ಮಾತಾಡಬೇಕಲ್ಲ. ನಮ್ಮ ಕಡೆ ಗಂಡಿನವರು ಒಪ್ಪಿದ ಕೂಡಲೇ ಹೆಣ್ಣಿನವರು ಅವರ ಮನೆ ನೋಡೋಕೆ ಹೋಗೋ ದಿನ ಕೇಳ್ತಾರೆ. ಹೆಣ್ಣುಮಕ್ಕಳನ್ನ ಕೊಟ್ಟು ಕೊಟ್ಟು ರೂಢಿಯಾದ ಬಾಯಿ ನಂದು. ಸೆರಗು ಹೊದ್ದು ಮುಂದೆ ಬಂದು, ‘ಬಾಳ ಸಂತೋಷ ಕಣ್ರೀ. ಹಂಗಾದ್ರೆ ನಿಮ್ಮನೆ ನೋಡೋಕೆ ನಾವ್ಯಾವಾಗ ಬರಾಣ?’ ಅಂದೆ.

ಬಿಳಿಗಡ್ಡದವರು ಕೈಮುಗಿದು ಅಂದರು:

‘ಯಾವಾಗಾದ್ರೂ ಬನ್ನಿ ತಾಯಿ. ನನ್ನ ಹೆಂಡ್ತಿಗೆ ಮಾತ್ರ ಮೊದಲೇ ಒಂದು ಮಾತು ಹೇಳಿಟ್ಟಿರ್ತೀನಿ.’